ಜಿ.ಆರ್. ವಿಶ್ವನಾಥ್

ಗುಂಡಪ್ಪ ರಂಗನಾಥ ವಿಶ್ವನಾಥ್ (ಜನನ: 12 ಫೆಬ್ರವರಿ 1949, ಭದ್ರಾವತಿ) ಭಾರತ ತಂಡದ ಮಾಜಿ ನಾಯಕ, ಕರ್ನಾಟಕದ ಬಲಗೈ ಬ್ಯಾಟ್ಸ್‌ಮನ್. 1969ರಿಂದ 1983ರವರೆಗೆ 91 ಟೆಸ್ಟ್ ಪಂದ್ಯಗಳನ್ನಾಡಿ 14 ಶತಕಗಳೊಂದಿಗೆ 6,080 ರನ್ ಗಳಿಸಿದರು. ಅಭಿಮಾನಿಗಳ ಬಾಯಲ್ಲಿ ಅವರು ‘ವಿಶಿ’. ಎತ್ತರ ಐದಡಿಯ ಮೇಲೆ ಕೆಲವೇ ಅಂಗುಲ. ಆ ಮೈಕಟ್ಟಿಗೆ ಮೀರಿದ ಧೈರ್ಯ, ಮಣಿಕಟ್ಟಿನ ಕುಸುರಿ, ಮೈದಾನದಲ್ಲಿ ಎಂದೂ ಬಿಟ್ಟುಕೊಡದ ಸೌಜನ್ಯ, ಈ ಮೂರು ಸೇರಿ ಅವರನ್ನು 1970ರ ದಶಕದ ಅತ್ಯಂತ ಪ್ರೀತಿಪಾತ್ರ ಆಟಗಾರನನ್ನಾಗಿ ಮಾಡಿದವು. ಅದೇ ಕಾಲದ ಸುನಿಲ್ ಗಾವಸ್ಕರ್ ರನ್‌ಗಳ ಲೆಕ್ಕದಲ್ಲಿ ಬಹಳ ಮುಂದಿದ್ದರೂ, ತನಗಿಂತ ವಿಶ್ವನಾಥ್ ದೊಡ್ಡ ಬ್ಯಾಟ್ಸ್‌ಮನ್ ಎಂದು ಅನೇಕ ಬಾರಿ ಬಹಿರಂಗವಾಗಿಯೇ ಹೇಳಿದ್ದಾರೆ. ಸ್ನೇಹದ ಮಾತು ಎಂದು ಅದನ್ನು ಪಕ್ಕಕ್ಕಿಡುವವರು ವಿಶ್ವನಾಥ್ ಯಾವ ಪಿಚ್‌ಗಳಲ್ಲಿ, ಯಾವ ಬೌಲರ್‌ಗಳ ಎದುರು ರನ್ ಮಾಡಿದರು ಎಂಬುದನ್ನು ನೋಡಬೇಕು.

ಆರಂಭ

ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯ ಕಬ್ಬಿಣದ ಕಾರ್ಖಾನೆಯ ಊರಿನಲ್ಲಾದರೂ ಕ್ರಿಕೆಟ್ ಕಲಿತದ್ದು ಬೆಂಗಳೂರಿನಲ್ಲಿ. ರೇಡಿಯೊದಲ್ಲಿ ಕೇಳಿ ಮೆಚ್ಚಿಕೊಂಡಿದ್ದ ಆಸ್ಟ್ರೇಲಿಯದ ಎಡಗೈ ಆಟಗಾರ ನೀಲ್ ಹಾರ್ವೆ ಅವರ ಬಾಲ್ಯದ ಆದರ್ಶ. ಹುಡುಗ ತೀರ ಕುಳ್ಳ, ವೇಗದ ಬೌಲಿಂಗ್ ತಡೆಯಲಾರ ಎಂಬ ಅನುಮಾನ ಎಳೆಯ ವಯಸ್ಸಿನಲ್ಲಿ ಅವರನ್ನು ಬೆನ್ನುಹತ್ತಿತ್ತು. ಅದಕ್ಕೆ ಉತ್ತರ 1967ರಲ್ಲಿ ವಿಜಯವಾಡದಲ್ಲಿ ಬಂತು. ಮೈಸೂರು ತಂಡದ ಪರ ಆಂಧ್ರದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ 230 ರನ್. ಆಗ ವಯಸ್ಸು ಹದಿನೆಂಟು.

ಎರಡು ವರ್ಷಗಳ ನಂತರ ಬಿಲ್ ಲಾರಿಯ ಆಸ್ಟ್ರೇಲಿಯ ತಂಡ ಭಾರತಕ್ಕೆ ಬಂದಾಗ ಕಾನ್ಪುರದಲ್ಲಿ ಟೆಸ್ಟ್ ಪದಾರ್ಪಣೆಯಾಯಿತು. ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆ. ಪೆವಿಲಿಯನ್‌ಗೆ ಮರಳಿದ ಹುಡುಗನಿಗೆ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ ಧೈರ್ಯ ಹೇಳಿದರು, ಎರಡನೆಯ ಸರದಿಯಲ್ಲಿ ನೂರು ಹೊಡೆಯುತ್ತೀಯ, ಚಿಂತೆ ಬೇಡ ಎಂದರು. ವಿಶ್ವನಾಥ್ ಇದನ್ನು ಮುಂದೆ ಎಷ್ಟೋ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಎರಡನೆಯ ಇನ್ನಿಂಗ್ಸ್‌ನಲ್ಲಿ ಬಂದದ್ದು 137 ರನ್, ಅದರಲ್ಲಿ 25 ಬೌಂಡರಿ. ದೆಹಲಿಯ ಮುಂದಿನ ಟೆಸ್ಟ್‌ನಲ್ಲಿ ಭಾರತ ಗೆಲುವಿನ ಗುರಿ ಬೆನ್ನಟ್ಟುವಾಗ ಅಜಿತ್ ವಾಡೇಕರ್ ಜೊತೆ ಕೊನೆಯವರೆಗೂ ನಿಂತು ಔಟಾಗದೆ 44 ರನ್ ಮಾಡಿದರು.

ಆದರೆ ಎರಡನೆಯ ಶತಕಕ್ಕೆ ಮೂರು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಆ ಕಾಯುವಿಕೆಯ ಹಿಂದೆ ಒಂದು ಮೂಢನಂಬಿಕೆಯೂ ಕೆಲಸ ಮಾಡುತ್ತಿತ್ತು. ಲಾಲಾ ಅಮರನಾಥ್, ದೀಪಕ್ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ್ ಸಿಂಗ್, ಹೀಗೆ ಮೊದಲ ಟೆಸ್ಟ್‌ನಲ್ಲಿ ಶತಕ ಹೊಡೆದ ಯಾವ ಭಾರತೀಯನೂ ಮತ್ತೊಂದು ಶತಕ ಕಂಡಿರಲಿಲ್ಲ. 1973ರ ಆರಂಭದಲ್ಲಿ ಮುಂಬೈನ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ 113 ರನ್ ಗಳಿಸಿ ವಿಶ್ವನಾಥ್ ಆ ಶಾಪವನ್ನು ಕಳೆದರು. ನೂರು ಮುಟ್ಟಿದ ಗಳಿಗೆಯಲ್ಲಿ ಇಂಗ್ಲೆಂಡಿನ ಆಜಾನುಬಾಹು ಟೋನಿ ಗ್ರೆಗ್ ಓಡಿಬಂದು ಅವರನ್ನು ಮಗುವಿನಂತೆ ಎತ್ತಿ ತೋಳಿನಲ್ಲಿ ತೂಗಿದರು. ಎದುರಾಳಿಗಳೂ ಈ ಆಟಗಾರನನ್ನು ಎಷ್ಟು ಹಚ್ಚಿಕೊಂಡಿದ್ದರು ಎಂಬುದಕ್ಕೆ ಆ ಚಿತ್ರವೇ ಸಾಕು. ಈ ನಡುವಿನ ವರ್ಷಗಳು ಬರಡಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. 1971ರಲ್ಲಿ ಓವಲ್‌ನಲ್ಲಿ ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಬಾರಿ ಟೆಸ್ಟ್ ಗೆದ್ದಾಗ, 173ರ ಗುರಿಯತ್ತ ತಂಡವನ್ನು ತಾಳ್ಮೆಯಿಂದ ಕೊಂಡೊಯ್ದವರಲ್ಲಿ ಅವರೂ ಒಬ್ಬರು. 33 ರನ್ ಗಳಿಸಿ ಅವರು ಔಟಾದಾಗ ಗುರಿ ಕೈಗೆಟಕುವಷ್ಟು ಹತ್ತಿರವಿತ್ತು.

ಆಟದ ಬಗೆ

ವಿಶ್ವನಾಥ್ ಹೆಸರಿನೊಂದಿಗೆ ಅಂಟಿಕೊಂಡಿರುವ ಹೊಡೆತ ಸ್ಕ್ವೇರ್ ಕಟ್. ಸಾಮಾನ್ಯವಾಗಿ ಆಫ್ ಸ್ಟಂಪಿನಿಂದ ದೂರವಿರುವ, ಗಿಡ್ಡ ಪಿಚ್ಚಿನ ಚೆಂಡಿಗೆ ಮಾತ್ರ ಈ ಹೊಡೆತವನ್ನು ಕಾದಿಡುತ್ತಾರೆ, ಏಕೆಂದರೆ ಕೈ ಚಾಚಲು ಜಾಗ ಬೇಕು. ವಿಶ್ವನಾಥ್‌ಗೆ ಆ ಜಾಗ ಅಷ್ಟಾಗಿ ಬೇಕಿರಲಿಲ್ಲ. ಸ್ಟಂಪಿಗೆ ತೀರ ಹತ್ತಿರದ ಚೆಂಡನ್ನೂ, ಕೆಲವೊಮ್ಮೆ ಬಿಟ್ಟರೆ ಬೇಲ್ಸ್ ಹಾರಿಸುವಂಥ ಚೆಂಡನ್ನೂ ಅವರು ಹಿಂದಿನ ಕಾಲಿನ ಮೇಲೆ ನಿಂತು ಪಾಯಿಂಟ್ ಮತ್ತು ಗಲ್ಲಿಯ ನಡುವೆ ಕಳಿಸುತ್ತಿದ್ದರು. ಚೆಂಡು ಬ್ಯಾಟಿಗೆ ತಾಗುವ ಕ್ಷಣದಲ್ಲಿ ಮಣಿಕಟ್ಟು ಹೊರಳುತ್ತಿತ್ತು, ಹೀಗಾಗಿ ಅದು ಗಾಳಿಗೇಳದೆ ಹುಲ್ಲಿನ ಮೇಲೆಯೇ ಹರಿಯುತ್ತಿತ್ತು. ಕುಳ್ಳಗಿನ ಆಟಗಾರನಿಗೆ ಇದೊಂದು ಅನಿವಾರ್ಯವೂ ಹೌದು. ಬೇರೆಯವರ ಸೊಂಟದ ಮಟ್ಟಕ್ಕೆ ಬರುವ ಚೆಂಡು ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅದನ್ನು ಬರೀ ತಡೆಯುತ್ತ ಕೂತರೆ ವೇಗಿಗಳು ಮೇಲೆ ಬೀಳುತ್ತಾರೆ. ಕೊನೆಯ ಗಳಿಗೆಯವರೆಗೆ ಕಾದು, ಬೆರಳ ತುದಿಯ ಮೇಲೆ ನಿಂತು, ಚೆಂಡಿನ ವೇಗವನ್ನೇ ಬಳಸಿಕೊಂಡು ಅದನ್ನು ತಿರುಗಿಸುವುದು ಅವರು ಕಂಡುಕೊಂಡ ದಾರಿ.

ಸ್ಪಿನ್ ಎದುರು ಇದೇ ಕೈಚಳಕ ಲೇಟ್ ಕಟ್ ಆಗುತ್ತಿತ್ತು. ಕಾಲಿನ ಕಡೆ ಬಂದ ಚೆಂಡನ್ನು ಮಿಡ್‌ವಿಕೆಟ್‌ನತ್ತ ಹೊರಳಿಸುವ ಫ್ಲಿಕ್ ಕೂಡ ಅದೇ ಮಣಿಕಟ್ಟಿನ ಕೂಸು. ಕೈಗೆ ಸಿಕ್ಕ ಚೆಂಡು ಇಷ್ಟವಾದರೆ ತಂಡದ ಸ್ಥಿತಿ ಏನೇ ಇರಲಿ ಅವರು ಹೊಡೆಯುತ್ತಿದ್ದರು. ಸಲೀಸಾದ ಪಿಚ್‌ನಲ್ಲಿ ದುರ್ಬಲ ಬೌಲಿಂಗ್ ಎದುರು ನಲವತ್ತೋ ಐವತ್ತೋ ಗಳಿಸಿ ಅನಗತ್ಯವಾಗಿ ಔಟಾಗುತ್ತಿದ್ದದ್ದಕ್ಕೆ ಕಾರಣವೂ ಇದೇ. ರನ್ ಗುಡ್ಡೆ ಹಾಕುವ ಹಸಿವು ಗಾವಸ್ಕರ್‌ಗಿದ್ದಷ್ಟು ಅವರಿಗಿರಲಿಲ್ಲ. ಇದು ಅವರ ದೌರ್ಬಲ್ಯ, ಒಪ್ಪಬೇಕು. ಆದರೆ ಪಿಚ್ ಕೆಟ್ಟಾಗ, ಇನ್ನೊಂದು ತುದಿಯಲ್ಲಿ ವಿಕೆಟ್‌ಗಳು ಉರುಳುತ್ತಿದ್ದಾಗ ಅದೇ ಆಟಗಾರ ಬೇರೆಯೇ ಆಗುತ್ತಿದ್ದರು.

ಚೆಪಾಕ್, ಜನವರಿ 1975

ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್ 1974–75ರ ಸರಣಿಯ ಮೊದಲೆರಡು ಟೆಸ್ಟ್‌ಗಳನ್ನು ಬೆಂಗಳೂರು ಮತ್ತು ದೆಹಲಿಯಲ್ಲಿ ಗೆದ್ದಿತ್ತು. ಕೋಲ್ಕತ್ತದಲ್ಲಿ ವಿಶ್ವನಾಥ್ 139 ರನ್ ಗಳಿಸಿದರು, ಭಾರತ 85 ರನ್‌ಗಳಿಂದ ಗೆದ್ದಿತು. ನಾಲ್ಕನೆಯ ಟೆಸ್ಟ್ ಪೊಂಗಲ್ ಹೊತ್ತಿಗೆ ಮದ್ರಾಸಿನ ಚೆಪಾಕ್‌ನಲ್ಲಿ. ಗಾಯಗೊಂಡ ಗಾವಸ್ಕರ್ ಆಡುವಂತಿರಲಿಲ್ಲ. ಪಿಚ್‌ನಲ್ಲಿ ಪುಟಿತವಿತ್ತು, ಆಂಡಿ ರಾಬರ್ಟ್ಸ್ ಆ ಕಾಲದ ಅತಿ ವೇಗದ ಬೌಲರ್‌ಗಳಲ್ಲೊಬ್ಬರು.

ಭಾರತದ ಎಂಟು ವಿಕೆಟ್‌ಗಳು 117ಕ್ಕೆ ಬಿದ್ದವು. ಆಗ ಕ್ರೀಸಿನಲ್ಲಿದ್ದ ವಿಶ್ವನಾಥ್ ಜೊತೆ ಉಳಿದಿದ್ದದ್ದು ಬಿಷನ್ ಸಿಂಗ್ ಬೇಡಿ ಮತ್ತು ಭಾಗವತ್ ಚಂದ್ರಶೇಖರ್, ಇಬ್ಬರೂ ಬ್ಯಾಟ್ ಹಿಡಿಯಲು ಬಾರದವರೆಂದೇ ಹೆಸರಾದವರು. ಬೇಡಿಯೊಂದಿಗೆ 52 ರನ್ ಸೇರಿತು. ಬೇಡಿ 14ಕ್ಕೆ ಔಟಾದ ಮೇಲೆ ಚಂದ್ರ ಬಂದರು. ಇಲ್ಲಿಂದ ವಿಶ್ವನಾಥ್ ಓವರಿನ ಹೆಚ್ಚಿನ ಚೆಂಡುಗಳನ್ನು ತಾವೇ ಎದುರಿಸುತ್ತ, ಬೌಂಡರಿಗೆ ದಾರಿ ಹುಡುಕುತ್ತ, ಕಡೆಯಲ್ಲಿ ಒಂದು ರನ್ ಕದ್ದು ತುದಿ ಬದಲಿಸುತ್ತ ಆಡಿದರು. ಕೊನೆಯ ವಿಕೆಟ್‌ಗೆ 21 ರನ್ ಬಂತು, ಅದರಲ್ಲಿ ಚಂದ್ರರ ಪಾಲು ಒಂದೇ. ಶತಕಕ್ಕೆ ಮೂರು ರನ್ ಉಳಿದಿದ್ದಾಗ ರಾಬರ್ಟ್ಸ್ ಚೆಂಡಿಗೆ ಚಂದ್ರ ಔಟಾದರು. ಭಾರತ 190, ವಿಶ್ವನಾಥ್ ಔಟಾಗದೆ 97. ತಂಡದಲ್ಲಿ ಅವರ ನಂತರದ ಅತಿ ಹೆಚ್ಚಿನ ಸ್ಕೋರು 19. ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಿತ್ತಿದ್ದರು.

ವೆಸ್ಟ್ ಇಂಡೀಸ್ ಕೂಡ 192ಕ್ಕೇ ಮುಗಿದಾಗ ಆ 97ರ ಬೆಲೆ ಎಲ್ಲರಿಗೂ ತಿಳಿಯಿತು. ಭಾರತ ಆ ಪಂದ್ಯವನ್ನು 100 ರನ್‌ಗಳಿಂದ ಗೆದ್ದು ಸರಣಿಯನ್ನು 2–2ಕ್ಕೆ ತಂದಿತು. ಮುಂಬೈನ ಕೊನೆಯ ಟೆಸ್ಟ್‌ನಲ್ಲಿ ಸೋತು ಸರಣಿ ಕೈತಪ್ಪಿತಾದರೂ ಅಲ್ಲಿಯೂ ವಿಶ್ವನಾಥ್ 95 ಗಳಿಸಿದರು. ಐದು ಟೆಸ್ಟ್‌ಗಳಲ್ಲಿ ಅವರ ಒಟ್ಟು ಮೊತ್ತ 568. ವಿಸ್ಡನ್ 2001ರಲ್ಲಿ ಟೆಸ್ಟ್ ಇತಿಹಾಸದ ನೂರು ಶ್ರೇಷ್ಠ ಇನ್ನಿಂಗ್ಸ್‌ಗಳನ್ನು ಪಟ್ಟಿ ಮಾಡಿದಾಗ, ಶತಕವೇ ಅಲ್ಲದ ಈ ಆಟಕ್ಕೂ ಅದರಲ್ಲಿ ಸ್ಥಾನ ಸಿಕ್ಕಿತು. ಕರ್ನಾಟಕದ ಬ್ಯಾಟ್ಸ್‌ಮನ್ನರು ಮುಂದೆ ಇದಕ್ಕಿಂತ ಎಷ್ಟೋ ದೊಡ್ಡ ಮೊತ್ತಗಳನ್ನು ಕಲೆಹಾಕಿದ್ದಾರೆ. ವೇಗದ ಬೌಲಿಂಗ್ ಎದುರು, ತವರಿನ ನೆಲದಲ್ಲಿ, ಇಷ್ಟು ಒಂಟಿಯಾಗಿ ನಿಂತು ಆಡಿದ ಇನ್ನೊಂದು ಇನ್ನಿಂಗ್ಸ್ ತೋರಿಸುವುದು ಕಷ್ಟ.

ಪೋರ್ಟ್ ಆಫ್ ಸ್ಪೇನ್‌ನಿಂದ ಮೆಲ್ಬರ್ನ್‌ವರೆಗೆ

1976ರ ಏಪ್ರಿಲ್‌ನಲ್ಲಿ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಲಾಯ್ಡ್ ಡಿಕ್ಲೇರ್ ಮಾಡಿಕೊಂಡು ಭಾರತಕ್ಕೆ 403 ರನ್‌ಗಳ ಗುರಿ ಕೊಟ್ಟರು. ಅದುವರೆಗೆ ನಾಲ್ಕನೆಯ ಇನ್ನಿಂಗ್ಸ್‌ನಲ್ಲಿ ನಾನೂರು ದಾಟಿ ಗೆದ್ದ ತಂಡ 1948ರ ಬ್ರಾಡ್ಮನ್ನರ ಆಸ್ಟ್ರೇಲಿಯ ಒಂದೇ. ಗಾವಸ್ಕರ್ 102 ಗಳಿಸಿ ಔಟಾದ ಮೇಲೆ ಮೊಹಿಂದರ್ ಅಮರನಾಥ್ ಒಂದು ತುದಿಯನ್ನು ಕಾದರು, ವಿಶ್ವನಾಥ್ ಇನ್ನೊಂದು ತುದಿಯಿಂದ ಸ್ಪಿನ್ನರ್‌ಗಳನ್ನು ದಂಡಿಸಿದರು. ಮೂರನೆಯ ವಿಕೆಟ್‌ಗೆ 159 ರನ್. 112 ರನ್ ಗಳಿಸಿದ್ದಾಗ ವಿಶ್ವನಾಥ್ ರನೌಟ್ ಆದರು, ಆದರೆ ಆಗಲೇ ಗೆಲುವು ಕಣ್ಣಿಗೆ ಕಾಣುತ್ತಿತ್ತು. ಉಳಿದ ಕೆಲಸವನ್ನು ಬಹುಪಾಲು ಮುಗಿಸಿದವರು ಮತ್ತೊಬ್ಬ ಕನ್ನಡಿಗ ಬ್ರಿಜೇಶ್ ಪಟೇಲ್, ಔಟಾಗದೆ 49. ಭಾರತ 4 ವಿಕೆಟ್‌ಗೆ 406. ಈ ಸೋಲಿನ ನಂತರ ಲಾಯ್ಡ್ ಸ್ಪಿನ್ನರ್‌ಗಳ ಮೇಲಿನ ಭರವಸೆ ಕಳೆದುಕೊಂಡು ವೇಗಿಗಳ ಪಡೆ ಕಟ್ಟಲು ಹೊರಟದ್ದು ಕ್ರಿಕೆಟ್ ಚರಿತ್ರೆಯ ಮುಖ್ಯ ತಿರುವು. ಅದರ ಮೊದಲ ಪೆಟ್ಟು ತಿಂದವರಲ್ಲಿ ವಿಶ್ವನಾಥ್ ಒಬ್ಬರು. ಕಿಂಗ್ಸ್‌ಟನ್‌ನ ಮುಂದಿನ ಟೆಸ್ಟ್‌ನಲ್ಲೇ ಅವರ ಬೆರಳು ಮುರಿಯಿತು.

1978ರ ಪಾಕಿಸ್ತಾನ ಪ್ರವಾಸದ ಫೈಸಲಾಬಾದ್ ಟೆಸ್ಟ್‌ನಲ್ಲಿ 145 ರನ್ ಮಾಡಿದಾಗ, ಅಂದು ಭಾರತ ಟೆಸ್ಟ್ ಆಡುತ್ತಿದ್ದ ಎಲ್ಲ ದೇಶಗಳ ವಿರುದ್ಧವೂ ಶತಕ ಗಳಿಸಿದ ಮೊದಲ ಭಾರತೀಯ ಎನಿಸಿಕೊಂಡರು. ಮುಂದಿನ ವರ್ಷ ಚೆಪಾಕ್ ಮತ್ತೆ ಅವರನ್ನು ಕರೆಯಿತು. ಪುಟಿಯುವ ಪಿಚ್, ಎದುರಿಗೆ ಸಿಲ್ವೆಸ್ಟರ್ ಕ್ಲಾರ್ಕ್ ಮತ್ತು ನಾರ್ಬರ್ಟ್ ಫಿಲಿಪ್. ಭಾರತದ 255ರಲ್ಲಿ ವಿಶ್ವನಾಥ್ ಪಾಲು 124. ವೆಸ್ಟ್ ಇಂಡೀಸ್ ವಿರುದ್ಧದ ಆ ಸರಣಿಯಲ್ಲಿ ಫಲಿತಾಂಶ ಕಂಡ ಪಂದ್ಯ ಅದೊಂದೇ, ಅದನ್ನು ಭಾರತ ಮೂರು ವಿಕೆಟ್‌ಗಳಿಂದ ಗೆದ್ದಿತು. ಅದೇ ಸರಣಿಯ ಕಾನ್ಪುರ ಟೆಸ್ಟ್‌ನಲ್ಲಿ 179 ಬಂತು.

1979ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಭಾರತ ಮೊದಲ ಸರದಿಯಲ್ಲಿ 96ಕ್ಕೆ ಕುಸಿದಿತ್ತು. ಎರಡನೆಯ ಸರದಿಯಲ್ಲಿ ದಿಲೀಪ್ ವೆಂಗ್‌ಸರ್ಕಾರ್ 103, ವಿಶ್ವನಾಥ್ 113, ಇಬ್ಬರೂ ಸೇರಿ 210 ರನ್ ಕೂಡಿಸಿ ಸೋಲನ್ನು ತಪ್ಪಿಸಿದರು. ಅದೇ ಸರಣಿಯ ಓವಲ್ ಟೆಸ್ಟ್‌ನಲ್ಲಿ 438ರ ಗುರಿಗೆ ಭಾರತ ಒಂಬತ್ತು ರನ್ ಹತ್ತಿರ ನಿಂತಿತು. ಅಂದು ವಿಶ್ವನಾಥ್‌ರನ್ನು ತಡೆಹಿಡಿದು ಬೇರೆಯವರನ್ನು ಮೇಲಿನ ಕ್ರಮಾಂಕಕ್ಕೆ ಕಳಿಸಿದ್ದು ಸರಿಯೇ ಎಂಬ ಚರ್ಚೆ ಹಳೆಯ ಅಭಿಮಾನಿಗಳ ನಡುವೆ ಇನ್ನೂ ಆರಿಲ್ಲ. ಅದೇ ವರ್ಷ ಆಸ್ಟ್ರೇಲಿಯ ವಿರುದ್ಧ ಬೆಂಗಳೂರಿನಲ್ಲಿ, ತಮ್ಮದೇ ಜನರ ಮುಂದೆ, ಔಟಾಗದೆ 161 ರನ್ ಗಳಿಸಿದರು.

1981ರ ಫೆಬ್ರವರಿಯ ಮೆಲ್ಬರ್ನ್ ಟೆಸ್ಟ್ ನೆನಪಾದಾಗ ಜನ ಗಾವಸ್ಕರ್ ಸಿಟ್ಟಿನಿಂದ ಜೊತೆಗಾರನನ್ನೂ ಕರೆದುಕೊಂಡು ಮೈದಾನ ಬಿಡಲು ಹೊರಟದ್ದನ್ನು, ಕೊನೆಗೆ ನೋವು ನುಂಗಿಕೊಂಡು ಬೌಲ್ ಮಾಡಿದ ಕಪಿಲ್ ದೇವ್ 28 ರನ್‌ಗೆ 5 ವಿಕೆಟ್ ಪಡೆದದ್ದನ್ನು ಹೇಳುತ್ತಾರೆ. ಪಂದ್ಯ ಅಲ್ಲಿಯವರೆಗೆ ಉಳಿದದ್ದು ವಿಶ್ವನಾಥ್‌ರ ಮೊದಲ ಇನ್ನಿಂಗ್ಸ್‌ನಿಂದ. ಡೆನಿಸ್ ಲಿಲ್ಲಿಯ ಎದುರು ಭಾರತ ಮಾಡಿದ 237ರಲ್ಲಿ ಅವರದ್ದು 114. ಬೇರೆ ಯಾರೂ ಮೂವತ್ತನ್ನೂ ಮುಟ್ಟಲಿಲ್ಲ. 143ರ ಗುರಿ ಪಡೆದ ಆಸ್ಟ್ರೇಲಿಯ 83ಕ್ಕೆ ಮಗುಚಿತು, ಸರಣಿ ಸಮವಾಯಿತು.

ವೈಯಕ್ತಿಕ ಅತಿ ಹೆಚ್ಚು ಮೊತ್ತವೂ ಚೆಪಾಕ್‌ನಲ್ಲೇ ಬಂತು. 1982ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ 222. ಯಶಪಾಲ್ ಶರ್ಮ ಜೊತೆ ಎರಡನೆಯ ದಿನವಿಡೀ ವಿಕೆಟ್ ಬೀಳದಂತೆ ಆಡಿದರು. ಓವಲ್‌ನಲ್ಲಿ ಗಾವಸ್ಕರ್ ಗಳಿಸಿದ್ದ 221ನ್ನು ಇದು ಒಂದೇ ಒಂದು ರನ್‌ನಿಂದ ಮೀರಿಸಿತು.

ನಾಯಕತ್ವ ಮತ್ತು ಸುವರ್ಣ ಮಹೋತ್ಸವ ಟೆಸ್ಟ್

ವಿಶ್ವನಾಥ್ ನಾಯಕರಾದದ್ದು ಎರಡೇ ಟೆಸ್ಟ್‌ಗಳಿಗೆ. 1980ರ ಆರಂಭದಲ್ಲಿ ಗಾವಸ್ಕರ್ ನಾಯಕತ್ವದಿಂದ ಹಿಂದೆ ಸರಿದಾಗ ಪಾಕಿಸ್ತಾನ ವಿರುದ್ಧದ ಕೋಲ್ಕತ್ತ ಟೆಸ್ಟ್ ಅವರ ಕೈಗೆ ಬಂತು, ಅದು ಡ್ರಾ ಆಯಿತು. ಎರಡನೆಯದು ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಫೆಬ್ರವರಿಯಲ್ಲಿ ಮುಂಬೈನಲ್ಲಿ ನಡೆದ ಇಂಗ್ಲೆಂಡ್ ವಿರುದ್ಧದ ಏಕೈಕ ಟೆಸ್ಟ್.

ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58 ರನ್‌ಗೆ ಐದು ವಿಕೆಟ್ ಕಳೆದುಕೊಂಡಿತ್ತು. ಇಯಾನ್ ಬಾಥಮ್ ಮತ್ತು ವಿಕೆಟ್ ಕೀಪರ್ ಬಾಬ್ ಟೇಲರ್ ಜೊತೆಯಾಗಿದ್ದರು. ಕಪಿಲ್ ದೇವ್ ಚೆಂಡಿಗೆ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಟೇಲರ್ ಚೆಂಡು ಬ್ಯಾಟಿಗೆ ತಾಗಿಲ್ಲ ಎಂಬಂತೆ ತಡೆದು ನಿಂತರು. ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೂ ತಾಗಿಲ್ಲವೆಂದೇ ಖಾತ್ರಿಯಿತ್ತು. ಅವರು ಅಂಪೈರ್ ಬಳಿ ಹೋಗಿ ಮನವಿ ಹಿಂಪಡೆದು ಟೇಲರ್‌ರನ್ನು ಮತ್ತೆ ಆಡಲು ಕರೆದರು. ಬಾಥಮ್–ಟೇಲರ್ ಜೊತೆಯಾಟ 171 ರನ್‌ಗೆ ಬೆಳೆಯಿತು. ಟೇಲರ್ 43, ಬಾಥಮ್ 114. ಬಾಥಮ್ ಪಂದ್ಯದಲ್ಲಿ 13 ವಿಕೆಟ್‌ಗಳನ್ನೂ ಪಡೆದರು, ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು.

ಆ ಒಂದು ನಿರ್ಧಾರದಿಂದ ಪಂದ್ಯ ಹೋಯಿತು ಎಂದು ಹೇಳುವವರು ಇದ್ದಾರೆ. ಎರಡನೆಯ ಸರದಿಯಲ್ಲಿ ಭಾರತ 149ಕ್ಕೆ ಮುಗಿದದ್ದನ್ನು ಅವರು ಮರೆಯುತ್ತಾರೆ. ವಿಶ್ವನಾಥ್ ಮಟ್ಟಿಗೆ ಇದರಲ್ಲಿ ವಿಶೇಷವೇನೂ ಇರಲಿಲ್ಲ. ಬ್ಯಾಟ್ ಮಾಡುವಾಗಲೂ ತಾನು ಔಟೆಂದು ಗೊತ್ತಾದರೆ ಅಂಪೈರ್ ತೀರ್ಪಿಗೆ ಕಾಯದೆ ಹೊರನಡೆಯುವುದು ಅವರ ರೂಢಿ. ತನಗೆ ಒಪ್ಪಿದ ನಿಯಮವನ್ನೇ ಎದುರಾಳಿಗೂ ಅನ್ವಯಿಸಿದರು. ಅದು ಮಂಡಳಿಯ ಐವತ್ತು ವರ್ಷಗಳ ಹಬ್ಬದ ಪಂದ್ಯ, ತಾನು ನಾಯಕನಾಗಿ ಉಳಿಯುವುದು ಅನುಮಾನ ಎಂಬ ಸಂದರ್ಭ. ಅಂಥಲ್ಲಿ ಈ ನಡೆಗೆ ಬೇಕಾದ ಗಟ್ಟಿತನ ಸಣ್ಣದಲ್ಲ. ಮುಂದೆ ಅವರು ನಾಯಕರಾಗಲಿಲ್ಲ.

ಕರ್ನಾಟಕದ ಪರ

ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಬದಲಿಸಿಕೊಂಡ ಋತುವಿನಲ್ಲೇ, 1973–74ರಲ್ಲಿ, ಈ ನಾಡಿನ ತಂಡ ಮೊದಲ ಬಾರಿ ರಣಜಿ ಟ್ರೋಫಿ ಗೆದ್ದಿತು. ಅದರ ನಿಜವಾದ ಫೈನಲ್ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್. ಎದುರಾಳಿ ಮುಂಬೈ ಹದಿನೈದು ವರ್ಷಗಳಿಂದ ಸತತವಾಗಿ ಟ್ರೋಫಿ ಹಿಡಿದಿಟ್ಟುಕೊಂಡಿತ್ತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ನಾಯಕ ಎರ‍್ರಪಲ್ಲಿ ಪ್ರಸನ್ನ ಗಾವಸ್ಕರ್‌ರನ್ನು ಬೌಲ್ಡ್ ಮಾಡಿದ ಚೆಂಡಿನ ಬಗ್ಗೆ ಬೆಂಗಳೂರಿನಲ್ಲಿ ಈಗಲೂ ಮಾತಾಡುತ್ತಾರೆ. ಮುಂಬೈ 307ಕ್ಕೆ ಔಟಾಗಿ ಮೊದಲ ಇನ್ನಿಂಗ್ಸ್ ಹಿನ್ನಡೆಯಿಂದ ಹೊರಬಿತ್ತು. ಜೈಪುರದ ಫೈನಲ್‌ನಲ್ಲಿ ಕರ್ನಾಟಕ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿತು. 1977–78ರಲ್ಲಿ ಎರಡನೆಯ ಬಾರಿ ಗೆದ್ದಾಗ ಉತ್ತರ ಪ್ರದೇಶದ ವಿರುದ್ಧದ ಫೈನಲ್‌ನಲ್ಲಿ ವಿಶ್ವನಾಥ್ 247 ಗಳಿಸಿದರು, ಪ್ರಥಮ ದರ್ಜೆಯಲ್ಲಿ ಅದೇ ಅವರ ಗರಿಷ್ಠ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕಿರ್ಮಾನಿ, ಬ್ರಿಜೇಶ್ ಒಂದೇ ತಂಡದಲ್ಲಿದ್ದ ಆ ವರ್ಷಗಳಲ್ಲಿ ಕರ್ನಾಟಕದ ಕ್ರಿಕೆಟ್‌ಗೆ ತಾನು ಯಾರಿಗೂ ಕಡಿಮೆಯಿಲ್ಲ ಎಂಬ ನಂಬಿಕೆ ಬಂತು.

ಏಕದಿನ ಕ್ರಿಕೆಟ್‌ನಲ್ಲಿ ಅವರ ಸಾಧನೆ ಸಾಧಾರಣ. 1974ರಲ್ಲಿ ಹೆಡಿಂಗ್ಲೆಯಲ್ಲಿ ಭಾರತ ಆಡಿದ ಮೊಟ್ಟಮೊದಲ ಏಕದಿನ ಪಂದ್ಯದಲ್ಲಿ ಇದ್ದರು, ಮೊದಲೆರಡು ವಿಶ್ವಕಪ್‌ಗಳನ್ನೂ ಆಡಿದರು. 25 ಪಂದ್ಯಗಳಲ್ಲಿ 439 ರನ್.

ನಿವೃತ್ತಿಯ ನಂತರ

1982–83ರ ಪಾಕಿಸ್ತಾನ ಪ್ರವಾಸ ಅವರಿಗೆ ಕೆಟ್ಟದಾಗಿತ್ತು. ಕರಾಚಿಯ ಆರನೆಯ ಟೆಸ್ಟ್‌ನ ನಂತರ ಅವರನ್ನು ಕೈಬಿಟ್ಟರು, ಮತ್ತೆ ಕರೆಯಲಿಲ್ಲ. ಅದಕ್ಕೆ ಮೊದಲು ಅವರು ಸತತ 87 ಟೆಸ್ಟ್‌ಗಳನ್ನಾಡಿದ್ದರು. ಮುಂದೆ 1990ರ ದಶಕದಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದಾಗ 1996ರ ಇಂಗ್ಲೆಂಡ್ ಪ್ರವಾಸಕ್ಕೆ ರಾಹುಲ್ ದ್ರಾವಿಡ್ ಮತ್ತು ಸೌರವ್ ಗಂಗೂಲಿ ಆಯ್ಕೆಯಾದರು. 1999ರಿಂದ 2004ರವರೆಗೆ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಮ್ಯಾಚ್ ರೆಫರಿಯಾಗಿದ್ದರು. ಅರ್ಜುನ ಪ್ರಶಸ್ತಿ, ಕರ್ನಲ್ ಸಿ.ಕೆ. ನಾಯುಡು ಜೀವಮಾನ ಸಾಧನೆ ಪ್ರಶಸ್ತಿ ಅವರಿಗೆ ಸಂದಿವೆ. ಪತ್ನಿ ಕವಿತಾ ಗಾವಸ್ಕರ್ ಅವರ ತಂಗಿ. ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟರು. ರೋಹನ್ ಕನ್ಹಾಯ್, ಎಂ.ಎಲ್. ಜಯಸಿಂಹ ಮತ್ತು ವಿಶ್ವನಾಥ್, ತಾವು ಆರಾಧಿಸಿದ ಈ ಮೂವರೂ ಆ ಹೆಸರಿನಲ್ಲಿದ್ದಾರೆ. ಆರ್. ಕೌಶಿಕ್ ಜೊತೆ ಸೇರಿ ಬರೆದ ವಿಶ್ವನಾಥ್ ಆತ್ಮಕಥೆ ‘ರಿಸ್ಟ್ ಅಶ್ಯೂರ್ಡ್’ 2022ರಲ್ಲಿ ಪ್ರಕಟವಾಯಿತು.

ಲೆಕ್ಕದ ಪುಸ್ತಕದಲ್ಲಿ ಅವರ ಟೆಸ್ಟ್ ಸರಾಸರಿ 41.93. ಪ್ರಥಮ ದರ್ಜೆಯಲ್ಲಿ 17,970 ರನ್, 44 ಶತಕ. ಟೆಸ್ಟ್ ಆಟ ಮುಗಿಸಿದಾಗ ಭಾರತೀಯರಲ್ಲಿ ಅವರಿಗಿಂತ ಹೆಚ್ಚು ರನ್ ಗಳಿಸಿದ್ದವರು ಗಾವಸ್ಕರ್ ಮಾತ್ರ. ನಂತರದ ಪೀಳಿಗೆಗಳು ಈ ಅಂಕಿಗಳನ್ನು ಸುಲಭವಾಗಿ ದಾಟಿವೆ. ಅವರ 14 ಶತಕಗಳು ಬಂದ ಪಂದ್ಯಗಳ ಫಲಿತಾಂಶವನ್ನು ಮಾತ್ರ ಪ್ರತ್ಯೇಕವಾಗಿ ನೋಡಬೇಕು. ಕೋಲ್ಕತ್ತ, ಪೋರ್ಟ್ ಆಫ್ ಸ್ಪೇನ್, ಮದ್ರಾಸ್, ಮೆಲ್ಬರ್ನ್ ಟೆಸ್ಟ್‌ಗಳನ್ನು ಭಾರತ ಗೆದ್ದಿತು, ಉಳಿದ ಹತ್ತು ಡ್ರಾ ಆದವು. ವಿಶ್ವನಾಥ್ ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ.